ಬ್ಯಾಂಕಾಕಿನಲ್ಲಿ ಟವಲ್ ಹಾಕಿದ ಸೀಟು

ನಾನು ಕೆಲಸ ಮಾಡುತ್ತಿದ್ದ ಟೂರ್ ಆಫೀಸಿಗೆ ಈಚೆಗೆ ಒಬ್ಬ ಹುಡುಗಿ ಸೇರಿದ್ದಾಳೆ. ಹೆಸರು ಮೇಘನಾ, ಕನಕಪುರದವಳು. ಮುಂದಿನ ತಿಂಗಳು ಮೊದಲ ಸಲ ಗ್ರೂಪ್ ಕರೆದುಕೊಂಡು ಬ್ಯಾಂಕಾಕಿಗೆ ಹೊರಟಿದ್ದಾಳೆ. ಹೋದ ಭಾನುವಾರ ನೋಟ್‌ಬುಕ್ ಹಿಡಿದುಕೊಂಡು ರಾಮನಗರದ ನಮ್ಮ ಮನೆಗೆ ಬಂದು, "ಸಾರ್, ಅಷ್ಟು ದೊಡ್ಡ ಊರಲ್ಲಿ ಏನೇನು ಹುಷಾರಾಗಿರ್ಬೇಕು, ಪಾಯಿಂಟ್ಸ್ ಹೇಳಿ ಬರ್ಕೋತೀನಿ" ಎಂದಳು. ನಾನು ಎರಡು ಗಂಟೆ ಮಾತಾಡಿದೆ. ಅರ್ಧಕ್ಕೇ ಅವಳು ನೋಟ್‌ಬುಕ್ ಮುಚ್ಚಿಟ್ಟಳು. ಪಾಪ, ನನ್ನ ಮಾತಿನಲ್ಲಿ ಒಂದೂ ಪಾಯಿಂಟ್ ಇರಲಿಲ್ಲ. ಅವಳು ಹೋದ ಮೇಲೆ, ಹೇಳಿದ್ದನ್ನಾದರೂ ಸರಿಯಾಗಿ ಬರೆದಿಡೋಣ ಎನ್ನಿಸಿತು. ಅದಕ್ಕೇ ಇದು.

ಮೊದಲೇ ಹೇಳಿಬಿಡುತ್ತೇನೆ. ನಾನು ಈ ಕೆಲಸಕ್ಕೆ ಬಂದದ್ದು ದೇಶ ನೋಡುವ ಆಸೆಯಿಂದಲ್ಲ. ಚನ್ನಪಟ್ಟಣದಲ್ಲಿ ಟೈಪಿಂಗ್ ಹೇಳಿಕೊಡುತ್ತಿದ್ದೆ. ಕಂಪ್ಯೂಟರ್ ಬಂದು ಟೈಪಿಂಗ್ ಮೆಷಿನ್ನುಗಳು ಗುಜರಿಗೆ ಹೋದವು, ಅವುಗಳ ಹಿಂದೆಯೇ ನಾನೂ ಬೀದಿಗೆ ಬಂದೆ. ಆಗ ರಾಮನಗರದಲ್ಲಿ ಟೂರ್ ಆಫೀಸ್ ಇಟ್ಟಿದ್ದ ನಾಗರಾಜಪ್ಪನವರು ಕರೆದು ಕೆಲಸ ಕೊಟ್ಟರು. ಮೊದಲು ಕಾಶಿ, ತಿರುಪತಿ, ಧರ್ಮಸ್ಥಳದ ಬಸ್ಸುಗಳು. ಆಮೇಲೆ ನಮ್ಮ ಕಡೆಯ ಜನಕ್ಕೂ ವಿಮಾನದ ರುಚಿ ಹತ್ತಿ, ಬ್ಯಾಂಕಾಕು, ಸಿಂಗಾಪುರ, ದುಬೈ ಎಂದೆಲ್ಲ ಶುರುವಾಯಿತು. ನಾನು ಟೂರ್ ಮ್ಯಾನೇಜರ್ ಆದೆ. ಆದರೂ ಜನ ಕೊನೆಯವರೆಗೂ ಕರೆದದ್ದು ಟೈಪಿಂಗ್ ಮೇಷ್ಟ್ರು ಎಂದೇ.

ನಾಗರಾಜಪ್ಪನವರಿಗೆ ಕೋಪ ಜಾಸ್ತಿ, ಓದು ಕಮ್ಮಿ, ಆದರೆ ಜನ ಎಂದರೆ ಏನೆಂದು ಗೊತ್ತಿತ್ತು. ನನ್ನ ಮೊದಲ ಬ್ಯಾಂಕಾಕ್ ಪ್ರಯಾಣಕ್ಕೆ ನಾನು ಗೈಡ್ ಪುಸ್ತಕ ತಂದು ಅರಮನೆಯ ಇತಿಹಾಸವನ್ನೆಲ್ಲ ಬಾಯಿಪಾಠ ಮಾಡುತ್ತಾ ಕೂತಿದ್ದೆ. ಅವರು ಬಂದು ಪುಸ್ತಕ ಕಿತ್ತುಕೊಂಡು ಮೇಜಿನ ಡ್ರಾಯರಿಗೆ ಹಾಕಿ ಬೀಗ ಜಡಿದರು.

"ಲೇ, ಜನ ಉಂಡ್ರಾ, ಮಲಗಿದ್ರಾ, ಬೆಳಿಗ್ಗೆ ಎದ್ದು ಹೊಟ್ಟೆ ಖಾಲಿ ಆಯ್ತಾ. ಈ ಮೂರು ನೀನು ನೋಡ್ಕೊ. ಅರಮನೆನ ಅವರೇ ನೋಡ್ಕಂತಾರೆ. ಹೋಗು" ಎಂದರು.

ನನಗೆ ಅವಮಾನವಾಗಿತ್ತು. ಈಗ ಹೇಳುತ್ತೇನೆ, ಈ ವೃತ್ತಿಯಲ್ಲಿ ನಾನು ಕೇಳಿದ ಅತ್ಯುತ್ತಮ ಉಪದೇಶ ಅದೇ. ಬ್ಯಾಂಕಾಕಿಗೆ ಮೂವತ್ತಕ್ಕೂ ಹೆಚ್ಚು ಸಲ ಹೋಗಿದ್ದೇನೆ. ಅರಮನೆ ಕಟ್ಟಿಸಿದ ರಾಜ ಯಾರೆಂದು ನನ್ನನ್ನು ಕೇಳಿದವರು ಮೂರೋ ನಾಲ್ಕೋ ಜನ. ಮಜ್ಜಿಗೆ ಎಲ್ಲಿ ಸಿಗುತ್ತದೆ ಎಂದು ಕೇಳದವರು ಒಬ್ಬರೂ ಇಲ್ಲ.

ದೊಡ್ಡ ಊರು ಎಂದ ಕೂಡಲೇ ಹೊಸಬರು ಕಳ್ಳರಿಗೆ, ಮೋಸಗಾರರಿಗೆ ಹೆದರುತ್ತಾರೆ. ಪಾಸ್‌ಪೋರ್ಟನ್ನು ಹೋಟೆಲಿನ ಲಾಕರಿನಲ್ಲಿಟ್ಟು ಅದರ ಜೆರಾಕ್ಸ್ ಜೇಬಿನಲ್ಲಿಟ್ಟುಕೊಂಡರೆ, "ಇವತ್ತು ಅರಮನೆ ಮುಚ್ಚಿದೆ, ಬೇರೆ ಒಳ್ಳೆ ಜಾಗ ತೋರಿಸ್ತೀನಿ ಬನ್ನಿ" ಎನ್ನುವವರ ಹಿಂದೆ ಹೋಗದಿದ್ದರೆ, ಆ ಭಯದ ಮುಕ್ಕಾಲು ಪಾಲು ಮುಗಿಯಿತು. ವ್ಯಾಪಾರದಲ್ಲಂತೂ ನಮ್ಮವರಿಗೆ ಟೋಪಿ ಹಾಕುವುದು ಸುಲಭವಲ್ಲ. ಒಂದು ಸಲ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಪಕ್ಕದಲ್ಲೇ ಹುಟ್ಟಿ ಬೆಳೆದ, ಗೂಡಿನಿಂದ ನೂಲು ತೆಗೆಸುವ ಒಬ್ಬ ರೀಲರು ನನ್ನ ಗ್ರೂಪಿನಲ್ಲಿದ್ದರು. ಬ್ಯಾಂಕಾಕಿನ ಒಂದು ಅಂಗಡಿಯಲ್ಲಿ ಅಪ್ಪಟ ರೇಷ್ಮೆ ಎಂದು ಶಾಲು ತೋರಿಸಿದರು. ನಮ್ಮ ರೀಲರು ಅಂಚಿನಿಂದ ಒಂದು ಎಳೆ ಎಳೆದು, ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಅಂಗಡಿಯ ಮಧ್ಯದಲ್ಲೇ ಕಡ್ಡಿ ಗೀರಿಬಿಟ್ಟರು. ಅಂಗಡಿಯ ಹೆಂಗಸು ಕಿಟಾರನೆ ಕಿರುಚಿದಳು. ಇವರು ನಿಧಾನವಾಗಿ ಎಳೆಯನ್ನು ಸುಟ್ಟು, ಮೂಸಿ ನೋಡಿ, "ಕೂದಲು ಸುಟ್ಟ ವಾಸನೆ ಬತ್ತಾ ಐತೆ. ಒರಿಜಿನಲ್ಲೇ. ತಗಳ್ರಪ್ಪಾ ಎಲ್ಲಾರೂ" ಎಂದರು. ಕಿರುಚಿದವಳಿಗೆ ಅರ್ಧ ಗಂಟೆಯಲ್ಲಿ ಹದಿನಾಲ್ಕು ಶಾಲು ಖರ್ಚಾದವು. ಬಾಗಿಲವರೆಗೂ ಬಂದು ಕೈ ಮುಗಿದು ಕಳಿಸಿದಳು.

ಹಾಗಾದರೆ ಅಪಾಯ ಎಲ್ಲಿಂದ ಬರುತ್ತದೆ? ನಮ್ಮ ಅಭ್ಯಾಸಗಳಿಂದ. ಊರಿನಲ್ಲಿ ನಮಗೆ ಯಾವುದು ಅಭ್ಯಾಸವೆಂದು ಗೊತ್ತೇ ಇರುವುದಿಲ್ಲವೋ ಅದರಿಂದ. ಹೋಟೆಲಿನ ಲಿಫ್ಟಿನ ಮುಂದೆ ಚಪ್ಪಲಿ ಬಿಟ್ಟು ಒಳಗೆ ಹೋದ ಹೆಂಗಸರನ್ನು ಕಂಡಿದ್ದೇನೆ. ಸಾತನೂರಿನ ಕಡೆಯವರು, ಮನೆಯಲ್ಲಿ ರೇಷ್ಮೆ ಹುಳ ಸಾಕುವವರು. ಹುಳದ ಮನೆಗೆ ಚಪ್ಪಲಿ ಹಾಕಿಕೊಂಡು ಹೋಗುವ ಹಾಗಿಲ್ಲ. ಅಷ್ಟು ಶುಭ್ರವಾಗಿ ಹೊಳೆಯುವ ಪೆಟ್ಟಿಗೆಯೊಳಗೆ ಹೋಗುವಾಗ ಕಾಲು ತಾನಾಗಿಯೇ ಚಪ್ಪಲಿ ಬಿಟ್ಟಿತು. ಅವರು ಹನ್ನೊಂದನೇ ಮಹಡಿಗೆ ಹೋದರು, ನಾಲ್ಕು ಜೊತೆ ಚಪ್ಪಲಿ ಕೆಳಗೇ ಉಳಿದವು. ದೇವಸ್ಥಾನಗಳಲ್ಲಿ ಇದು ತಮಾಷೆಯಲ್ಲ. ಅಲ್ಲಿನ ದೊಡ್ಡ ದೇವಸ್ಥಾನಗಳಿಗೆ ನಾಲ್ಕೈದು ಬಾಗಿಲು. ಒಂದರಲ್ಲಿ ಬಿಟ್ಟು ಇನ್ನೊಂದರಲ್ಲಿ ಹೊರಬಂದರೆ ಸುಡುವ ಕಲ್ಲಿನ ಮೇಲೆ ಕುಣಿಯಬೇಕು. ಚಪ್ಪಲಿಯನ್ನು ಒಂದು ಕವರಿನಲ್ಲಿ ಹಾಕಿ ಕೈಯಲ್ಲೇ ಇಟ್ಟುಕೊಳ್ಳಲು ಹೇಳಿ. ಮಂಡಿ, ತೋಳು ಮುಚ್ಚುವ ಬಟ್ಟೆ ಹಾಕಿಸಿ. ನಮ್ಮ ಹೆಂಗಸರ ಸೀರೆಗೆ ಯಾವ ತಕರಾರೂ ಇಲ್ಲ. ಬರ್ಮುಡಾ ಹಾಕಿ ಬಂದು ಹೊರಗೆ ನಿಲ್ಲುವವರು ಯಾವಾಗಲೂ ಗಂಡಸರೇ.

ರಸ್ತೆ ದಾಟುವುದೂ ಹಾಗೆಯೇ. ಚನ್ನಪಟ್ಟಣದಲ್ಲಿ ನಾವು ಹೆದ್ದಾರಿ ದಾಟಿದ್ದು ಕೈಯೆತ್ತಿ. ಬಲಗೈ ಮೇಲೆತ್ತಿ ಮುಖ ಗಂಭೀರ ಮಾಡಿಕೊಂಡು ನಡೆದುಬಿಟ್ಟರೆ ಲಾರಿಯೂ ನಿಲ್ಲಬೇಕು. ಬ್ಯಾಂಕಾಕಿನಲ್ಲಿ ಕೈಯೆತ್ತಿದರೆ ಟ್ಯಾಕ್ಸಿ ನಿಲ್ಲುತ್ತದೆ, ಅದರ ಪಕ್ಕದಲ್ಲಿ ಮೋಟಾರು ಸೈಕಲ್ಲು ನಿಲ್ಲುವುದಿಲ್ಲ. ಮೇಲ್ಸೇತುವೆ ಹುಡುಕಿ. ಮಂಡಿನೋವಿನವರು ಬೈದರೆ ಬೈಸಿಕೊಳ್ಳಿ.

ಊಟದ ಬಗ್ಗೆ ಒಂದೇ ಮಾತು. ಹುರಿಟ್ಟು, ಚಟ್ನಿಪುಡಿ, ಕೋಡುಬಳೆ, ನಿಪ್ಪಟ್ಟು ತರಲಿ, ರಾಗಿಹಿಟ್ಟು ಮಾತ್ರ ತರಕೂಡದು. ತಂದರೆ ಹೋಟೆಲಿನ ಟೀ ಕಾಯಿಸುವ ಕೆಟಲಿನಲ್ಲಿ ಮುದ್ದೆ ತಿರುವಲು ನೋಡುತ್ತಾರೆ. ವಿರೂಪಾಕ್ಷಿಪುರದ ನನ್ನ ಸ್ವಂತ ಅತ್ತಿಗೆಯೇ ಆ ಕೆಲಸ ಮಾಡಿದ್ದಾರೆ. ಕೆಟಲ್ ಉಳಿಯಲಿಲ್ಲ, ಮುದ್ದೆಯೂ ಆಗಲಿಲ್ಲ.

ಇನ್ನು ತಲೆ ಎಣಿಸುವ ವಿಷಯ. "ಎಲ್ಲಾರೂ ಬಂದ್ರಾ?" ಎಂದು ಎಂದೂ ಕೇಳಬೇಡಿ. ನಮ್ಮ ಜನ ಒಂದೇ ಕಂಠದಲ್ಲಿ "ಬಂದ್ರು ಬಂದ್ರು, ಬುಡಿ" ಎನ್ನುತ್ತಾರೆ. ಯಾರು ಬಂದರು, ಯಾರು ಬರಲಿಲ್ಲ ಎಂದು ನೋಡಿ ಹೇಳುವ ಮಾತಲ್ಲ ಅದು. ಬಸ್ಸು ಬೇಗ ಹೊರಡಲಿ ಎಂದು ಹೇಳುವ ಮಾತು. ಹಾಗೆ ಕೇಳಿ, ಹಾಗೆ ನಂಬಿ, ಮಾಗಡಿಯ ನಿವೃತ್ತ ಪೋಸ್ಟ್‌ಮಾಸ್ಟರ್ ಶಿವಣ್ಣನವರನ್ನು ಹೋಟೆಲಿನ ಪಾಯಿಖಾನೆಯಲ್ಲೇ ಬಿಟ್ಟು ನದಿ ನೋಡಲು ಹೊರಟಿದ್ದೆ. ಹತ್ತು ನಿಮಿಷದ ದಾರಿ ಹೋದ ಮೇಲೆ ಗೊತ್ತಾಗಿ ತಿರುಗಿ ಬಂದರೆ, ಅವರು ಹೋಟೆಲಿನ ಬಾಗಿಲಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಎಳನೀರು ಕುಡಿಯುತ್ತಿದ್ದರು. "ನಲವತ್ತು ವರ್ಷ ತಪ್ಪಿಸ್ಕೊಂಡ ಕಾಗದನೆಲ್ಲಾ ಊರು ಸೇರಿಸಿದೀನಿ ಮೇಷ್ಟ್ರೇ. ಇದ್ದಲ್ಲೇ ಇದ್ರೆ ಯಾರಾದ್ರೂ ಬಂದೇ ಬರ್ತಾರೆ" ಎಂದರು. ನಾನು ಅದನ್ನು ತಮಾಷೆ ಎಂದುಕೊಂಡೆ. ಎರಡೇ ದಿನದಲ್ಲಿ ಆ ಮಾತು ನನ್ನ ಕೆನ್ನೆಗೆ ಬಂದು ಬಾರಿಸಿತು.

ಮೇಘನಾ, ನೀನು ನೋಟ್‌ಬುಕ್ ಮುಚ್ಚಿದ ಮೇಲೆ ಹೇಳಿದ ಕಥೆ ಇದು. ಇದನ್ನು ಮಾತ್ರ ಸರಿಯಾಗಿ ಕೇಳಿಸಿಕೋ.

ಶಿವಣ್ಣನವರಿದ್ದ ಆ ಗ್ರೂಪಿನಲ್ಲಿ ಇಪ್ಪತ್ತೆರಡು ಜನ. ಮರಳವಾಡಿಯ ಸಿದ್ದೇಗೌಡರು, ಅವರ ಹೆಂಡತಿ ಜಯಮ್ಮ ಇದ್ದರು. ಗೌಡರು ಆರಡಿ ಆಳು, ಬಾಯಿ ಜೋರು, ಮನಸ್ಸು ಮೆದು. ಹೆಗಲ ಮೇಲೆ ಕೆಂಪು ಅಂಚಿನ ಬಿಳಿ ಟವಲ್ ಇಲ್ಲದೆ ಅವರನ್ನು ನೋಡಿದವರಿಲ್ಲ. ಜಯಮ್ಮ ಸಣ್ಣ ಹೆಂಗಸು, ಮಾತು ಕಮ್ಮಿ, ಮಂಡಿನೋವು, ಜೊತೆಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮಾತ್ರೆ ನುಂಗಿದರೆ ಹೊತ್ತಿಗೆ ಸರಿಯಾಗಿ ತಿನ್ನಲೇಬೇಕು, ಇಲ್ಲವಾದರೆ ಬೆವರು ಬಂದು ತಲೆ ಸುತ್ತುತ್ತದೆ ಎಂದು ಹೊರಡುವ ಮೊದಲೇ ಗೌಡರು ನನ್ನ ಹತ್ತಿರ ಹೇಳಿದ್ದರು.

ಆಗಿನ್ನೂ ಎಲ್ಲರ ಕೈಯಲ್ಲೂ ಮೊಬೈಲ್ ಇರಲಿಲ್ಲ. ಇದ್ದವರದ್ದೂ ವಿದೇಶದಲ್ಲಿ ಸತ್ತು ಮಲಗುತ್ತಿತ್ತು. ಈಗಿನ ಹಾಗೆ ಎಲ್ಲಿದ್ದೀರಿ ಎಂದು ನಕ್ಷೆಯಲ್ಲಿ ಚುಕ್ಕಿ ನೋಡುವ ಕಾಲವಲ್ಲ. ನಮ್ಮ ವಿಧಾನ ಕಾರ್ಡು. ಹೋಟೆಲಿನ ಹೆಸರು, ವಿಳಾಸ, ನನ್ನ ಅಲ್ಲಿನ ನಂಬರು, ಎಲ್ಲವನ್ನೂ ಅಲ್ಲಿನ ಲಿಪಿಯಲ್ಲೇ ಬರೆಸಿ ಪ್ಲಾಸ್ಟಿಕ್ ಹಾಕಿಸಿ ಕೊಡುತ್ತಿದ್ದೆ. ಎಷ್ಟು? ಸಂಸಾರಕ್ಕೊಂದು. ಊರಿನಲ್ಲಿ ರೇಷನ್ ಕಾರ್ಡ್ ಸಂಸಾರಕ್ಕೊಂದು, ಮದುವೆ ಕರೆಯೋಲೆ ಸಂಸಾರಕ್ಕೊಂದು, ಇದೂ ಹಾಗೇ ಎಂದುಕೊಂಡಿದ್ದೆ. ಆ ಕಾರ್ಡು ಗಂಡನ ಜೇಬಿಗೆ ಹೋಗುತ್ತಿತ್ತು. ಸಂಜೆ ಹೋಟೆಲಿನಲ್ಲಿ ಮೀಟಿಂಗ್ ಮಾಡಿ ನಾಳೆಯ ಸೂಚನೆ ಕೊಡುತ್ತಿದ್ದೆ. ಅದಕ್ಕೂ ಗಂಡಸರೇ ಬರುತ್ತಿದ್ದರು. ಹೆಂಗಸರು ರೂಮಿನಲ್ಲಿ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಗಂಡನಿಗೆ ಹೇಳಿದರೆ ಮನೆಗೇ ಹೇಳಿದ ಹಾಗೆ ಎಂದು ನಾನು ಒಬ್ಬ ಹೆಂಗಸನ್ನೂ ಕರೆಯಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಊರ ಮೇಲೆ ಓಡುವ ರೈಲು ಹತ್ತಲು ಹೋದೆವು. ಕಂಬಗಳ ಮೇಲೆ ಕಟ್ಟಿದ ಸ್ಟೇಷನ್ನು, ಮಧ್ಯದಲ್ಲಿ ಎರಡು ಹಳಿ, ಆಚೆಗೊಂದು ಈಚೆಗೊಂದು ಪ್ಲಾಟ್‌ಫಾರಂ. ಹಿಂದಿನ ಸಂಜೆಯ ಮೀಟಿಂಗಿನಲ್ಲಿ ಮೂರು ಸಲ ಹೇಳಿದ್ದೆ. ಬಾಗಿಲು ಅರ್ಧ ನಿಮಿಷವೂ ತೆರೆದಿರುವುದಿಲ್ಲ. ನಾನು ಕೈಯಲ್ಲಿ ಹಿಡಿದಿರುವ ಆಫೀಸಿನ ಬಾವುಟ ಎತ್ತಿದ ಮೇಲೆ ಎಲ್ಲರೂ ಒಟ್ಟಿಗೇ ಹತ್ತಬೇಕು. ಯಾರಾದರೂ ತಪ್ಪಿಸಿಕೊಂಡರೆ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಅಲ್ಲೇ ನಿಂತಿರಬೇಕು, ನಾನು ಬರುತ್ತೇನೆ.

ರೈಲು ಬಂತು. ನಾನು ಎಣಿಸುತ್ತಿದ್ದೆ, ಒಬ್ಬರು ಕಮ್ಮಿ. ಮತ್ತೆ ಶಿವಣ್ಣನವರೇ, ಮೆಟ್ಟಿಲ ಕೆಳಗಿದ್ದರು. ಬಾವುಟ ಎತ್ತಲಿಲ್ಲ. ಈ ರೈಲು ಹೋಗಲಿ, ಮುಂದಿನದರಲ್ಲಿ ಹೋಗೋಣ ಎಂದುಕೊಂಡೆ.

ಆದರೆ ಗೌಡರ ಕಣ್ಣಿಗೆ ಬಿದ್ದದ್ದು ಬಾವುಟವಲ್ಲ, ಖಾಲಿ ಸೀಟು. ಕನಕಪುರದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿದ ಕೈ ಅದು. ಟವಲ್ ಬಿದ್ದ ಸೀಟಿನ ಮೇಲೆ ನಮ್ಮ ಕಡೆ ಯಾರೂ ಕೂರುವುದಿಲ್ಲ, ಕೂತರೆ ಜಗಳ. ಮೂರು ಹೆಜ್ಜೆಗೆ ಗೌಡರು ರೈಲಿನೊಳಗಿದ್ದರು. ಎರಡು ಸೀಟಿನ ಮೇಲೆ ಟವಲ್ ಅಗಲವಾಗಿ ಹಾಸಿದರು. ತಿರುಗಿ ನೋಡಿದರೆ ಹಿಂದೆ ಹೆಂಡತಿ ಇಲ್ಲ. "ಲೇ ಜಯಿ, ಎಲ್ಲಿದ್ದಿಯಮ್ಮಿ? ಬಾ, ಸೀಟ್ ಸಿಕ್ತು!" ಎಂದು ಕೂಗುತ್ತಾ ಅವರನ್ನು ಕರೆತರಲು ಕೆಳಗಿಳಿದರು. ಜಯಮ್ಮನವರು ಅಷ್ಟರಲ್ಲಿ ಗಂಡನ ಹಿಂದೆಯೇ ಹೊರಟು ಪಕ್ಕದ ಬಾಗಿಲಿನಿಂದ ಒಳಗೆ ಹೋಗಿದ್ದರು. ಕೆಂಪಂಚಿನ ಟವಲ್ ನೋಡಿದರು. ಒಂದು ಬದಿ ಮಡಿಸಿ ಕೂತರು. ಬಾಗಿಲು ಮುಚ್ಚಿತು.

ಗೌಡರು ಗಾಜಿಗೆ ಎರಡೂ ಕೈಯಿಂದ ಬಡಿದರು. ಒಳಗೆ ಜಯಮ್ಮ ಎದ್ದು ನಿಂತದ್ದು, ಬಾಯಿ ತೆರೆದದ್ದು ಕಾಣಿಸಿತು. ರೈಲು ಹೊರಟೇಹೋಯಿತು.

ಜಯಮ್ಮನವರ ಹತ್ತಿರ ಕಾರ್ಡಿಲ್ಲ, ಅದು ಗೌಡರ ಜೇಬಿನಲ್ಲಿ. ತಿಂಡಿಯ ಚೀಲ ಗೌಡರ ಹೆಗಲಲ್ಲಿ. ಮಾತ್ರೆ ನುಂಗಿ ಮೂರು ಗಂಟೆಯಾಗಿತ್ತು. ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಒಂದು ಕೋಟಿಯಷ್ಟು ಜನ ಓಡಾಡುವ ಊರು. ಎಲ್ಲಾದರೂ ಕುಸಿದು ಬಿದ್ದರೆ ಯಾರು ಏನೆಂದು ತಿಳಿದಾರು?

ಉಳಿದವರನ್ನೆಲ್ಲ ಏದುಸಿರು ಬಿಡುತ್ತಾ ಬಂದ ಶಿವಣ್ಣನವರಿಗೆ ಒಪ್ಪಿಸಿದೆ. "ಇಲ್ಲೇ ನಿಂತಿರಿ, ಒಬ್ಬರೂ ಅಲುಗಾಡಬಾರದು" ಎಂದೆ. ಸ್ಟೇಷನ್ನಿನವರಿಗೆ ವಿಷಯ ತಿಳಿಸಿದೆ. ಅವರು ಒಂದಿಷ್ಟೂ ಬೇಸರಿಸದೆ, ಹಸಿರು ಸೀರೆ, ಮೂಗುಬಟ್ಟು, ಕುಳ್ಳು ಎಂದು ನಾನು ಹೇಳಿದ್ದನ್ನೆಲ್ಲ ಬರೆದುಕೊಂಡು ಮುಂದಿನ ಸ್ಟೇಷನ್ನುಗಳಿಗೆ ಸುದ್ದಿ ಮುಟ್ಟಿಸಿದರು. ನಾನು ಗೌಡರ ಕೈಹಿಡಿದು ಮುಂದಿನ ರೈಲು ಹತ್ತಿದೆ.

"ಸಾ, ಅವಳು ಇಳಿಯಾಕಿಲ್ಲ ಸಾ" ಎಂದರು ಗೌಡರು.

"ಸುಮ್ನಿರಿ ಗೌಡ್ರೇ, ಮುಂದಿನ ಸ್ಟೇಷನ್ನಲ್ಲೇ ಇಳೀಬೇಕು ಅಂತ ನಿನ್ನೆ ಹೇಳಿದ್ದೀನಲ್ಲ."

"ನನಗೇಳಿದ್ರಿ. ಅವಳಿಗೆ ನಾನೇಳ್ಬೇಕಲ್ಲ."

ಆ ಉತ್ತರವೇ ಸಾಕಾಗಿತ್ತು. ಆದರೆ ಅನುಭವಸ್ಥ ಎಂಬ ಜಂಬ ಇದೆಯಲ್ಲ, ಅದು ಕಿವಿಗೆ ಬೆಣೆ ಹೊಡೆಯುತ್ತದೆ. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಪ್ಲಾಟ್‌ಫಾರಂ ಪೂರ್ತಿ ಓಡಾಡಿದೆವು. ಇಲ್ಲ. ಅದರ ಮುಂದಿನದು, ಇಲ್ಲ. ಮೂರನೆಯದು. ಒಂದೊಂದು ಕಡೆಯೂ ಸಿಬ್ಬಂದಿ ತಲೆಯಾಡಿಸುತ್ತಿದ್ದರು. ಪಾಯಿಖಾನೆ ನೋಡಿಸಿದೆ, ಕೆಳಗಿನ ಬೀದಿಯಲ್ಲಿ ಹಣ್ಣು ಮಾರುವವರನ್ನು ಕೈಸನ್ನೆಯಲ್ಲಿ ಕೇಳಿದೆ. ಹೆಚ್ಚುಕಮ್ಮಿ ಒಂದು ಗಂಟೆ ಹೀಗೇ ಹೋಯಿತು. ಹಸಿರು ಸೀರೆ ಉಟ್ಟವರು ಒಬ್ಬರೂ ಇಲ್ಲದ ಊರದು.

ನಾಲ್ಕನೆಯ ಸ್ಟೇಷನ್ನಿನ ಬೆಂಚಿನ ಮೇಲೆ ಗೌಡರು ಕೂತುಬಿಟ್ಟರು. ಟವಲ್ ಇಲ್ಲದ ಹೆಗಲು ನನಗೆ ಮೊದಲ ಸಲ ಕಂಡಿತು. ಅಷ್ಟು ದೊಡ್ಡ ಆಳು ಒಮ್ಮೆಗೇ ಸಣ್ಣವರಾಗಿ ಕಂಡರು.

"ನಾನೇಳಾದು ಒಸಿ ಕೇಳಿ ಮೇಷ್ಟ್ರೇ. ಮೂವತ್ತೊಂದು ವರ್ಷ ಸಂಸಾರ ಮಾಡಿವ್ನಿ. ಸಾತನೂರು ಬಸ್ನಲ್ಲಿ ನಾನು ಟವಲ್ ಹಾಕಿ ಬೀಡಿ ಸೇದಕ್ಕೆ ಇಳೀತಿದ್ದೆ. ನಾನು ಬರೋಗಂಟ ಆ ಸೀಟಿಂದ ಅವಳು ಅಲ್ಲಾಡ್ತಿರ್ಲಿಲ್ಲ. ಬಸ್ಸೇ ಒಂಟೋದ್ರೂ ಇಳೀತಿರ್ಲಿಲ್ಲ. ಒಂದ್ಸಲ ಹಂಗೇ ಆಗಿ ಬಸ್ಸು ಸಾತನೂರಿಗೆ ಹೋಗಿ ತಿರುಗಿ ಬತ್ತು, ಅದ್ರಲ್ಲೇ ಕೂತ್ಕಂಡು ಬಂದ್ಲು. ಅವಳು ಇಳಿದಿಲ್ಲ ಸಾ. ರೈಲಲ್ಲೇ ಅವಳೆ."

ಶಿವಣ್ಣನವರ ಎಳನೀರು ನೆನಪಾಯಿತು. ಇದ್ದಲ್ಲೇ ಇದ್ದರೆ ಯಾರಾದರೂ ಬಂದೇ ಬರುತ್ತಾರೆ. ನಾನು, ಸ್ಟೇಷನ್ನಿನವರು, ಎಲ್ಲರೂ ಪ್ಲಾಟ್‌ಫಾರಂಗಳನ್ನೇ ಜಾಲಾಡುತ್ತಿದ್ದೆವು. ಕಳೆದುಹೋದವರು ಇಳಿಯುತ್ತಾರೆ ಎಂದು ತೀರ್ಮಾನಿಸಿದ್ದೆವು. ರೈಲಿನೊಳಗೆ ನೋಡಿ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಆ ರೈಲು ಕೊನೆಯ ಸ್ಟೇಷನ್ನು ಮುಟ್ಟಿ ತಿರುಗಿ ಬರುತ್ತದೆ. ಬರುವುದು ಆಚೆ ಹಳಿಯಲ್ಲಿ.

ಹೊರಟ ಸ್ಟೇಷನ್ನಿಗೇ ವಾಪಸ್ ಬಂದೆವು. ನನ್ನ ಇಪ್ಪತ್ತು ಜನ ಈಚೆಯ ಪ್ಲಾಟ್‌ಫಾರಂ ಮೇಲೆ ಸಾಲಾಗಿ ಕೂತಿದ್ದರು. ಹೆಂಗಸರಲ್ಲಿ ಇಬ್ಬರು ಅಳುತ್ತಿದ್ದರು. ನಾನೂ ಗೌಡರೂ ಆಚೆಯ ಪ್ಲಾಟ್‌ಫಾರಂನಲ್ಲಿ ನಿಂತೆವು. ಒಂದು ರೈಲು ಬಂತು, ಹೋಯಿತು. ಎರಡನೆಯದು ಬಂತು, ಹೋಯಿತು. ಸುಳ್ಳು ಹೇಳಬಾರದು, ಆ ಹೊತ್ತಿಗೆ ನಾನು ಹರಕೆ ಹೊತ್ತಿದ್ದೆ. ಯಾವ ದೇವರಿಗೆ ಏನು ಎಂದು ಇವತ್ತಿಗೂ ಸರಿಯಾಗಿ ನೆನಪಿಲ್ಲ, ಅದಕ್ಕೇ ಅರ್ಧ ಡಜನ್ ದೇವರಿಗೆ ಈಗಾಗಲೇ ಕಾಯಿ ಒಡೆದಿದ್ದೇನೆ.

ಮೂರನೆಯ ರೈಲು ನಿಧಾನ ಮಾಡುತ್ತಿರುವಾಗ ಗೌಡರು "ಅಲ್ಲಿ!" ಎಂದು ಚೀರಿದರು. ಗಾಜಿನಾಚೆ ಹಸಿರು ಸೀರೆ. ಪಕ್ಕದ ಖಾಲಿ ಸೀಟಿನ ಮೇಲೆ ಹಾಸಿದ ಟವಲ್. ಆ ಟವಲಿನ ಮೇಲೆ ಒತ್ತಿ ಹಿಡಿದ ಒಂದು ಕೈ.

ಬಾಗಿಲು ತೆರೆಯಿತು. ಗೌಡರು ನುಗ್ಗಲು ಹೋದರು. ಮತ್ತೆ ಒಬ್ಬರು ಒಳಗೆ ಒಬ್ಬರು ಹೊರಗಾದರೆ ಎಂದು ನಾನು ಅವರ ಅಂಗಿ ಹಿಡಿದು ಎಳೆದೆ. "ಜಯಮ್ಮನವ್ರೇ, ಬೇಗ ಇಳೀರಿ!" ಎಂದು ಕೂಗಿದೆ. ಆಯಮ್ಮ ನನ್ನ ಕಡೆ ನೋಡಲೇ ಇಲ್ಲ. ಗಂಡನನ್ನು ನೋಡಿದರು, ಟವಲನ್ನು ತಟ್ಟಿದರು.

"ಬನ್ನಿ, ಬನ್ನಿ. ಸೀಟ್ ಐತೆ."

ಏನು ಮಾಡುವುದು? ಗೌಡರು ಒಳಗೆ ಹೋದರು, ಅವರ ಅಂಗಿ ನನ್ನ ಕೈಯಲ್ಲಿತ್ತು, ಹಾಗಾಗಿ ನಾನೂ ಹೋದೆ. ಬಾಗಿಲು ಮುಚ್ಚಿತು. ಎದುರಿನ ಪ್ಲಾಟ್‌ಫಾರಂನಲ್ಲಿ ನನ್ನ ಇಪ್ಪತ್ತು ಜನ ಎದ್ದು ನಿಂತು, ಈಗ ಮೇಷ್ಟ್ರೂ ಹೋದರಲ್ಲಪ್ಪಾ ಎಂಬಂತೆ ನೋಡುತ್ತಿದ್ದರು. ನನಗೆ ನಗು ಬಂತು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಕಂಬ ಹಿಡಿದುಕೊಂಡು ಅಳುತ್ತಲೇ ನಕ್ಕೆ. ಎದೆಯ ಮೇಲಿದ್ದ ಕಲ್ಲು ಇಳಿಯಿತು ಎನ್ನುತ್ತಾರಲ್ಲ, ಅದು ನಿಜವಾಗಿ ಹೇಗಿರುತ್ತದೆಂದು ನನಗೆ ಆವತ್ತು ಗೊತ್ತಾಯಿತು. ಬೆನ್ನು ನೆಟ್ಟಗಾಗುತ್ತದೆ.

ಗೌಡರು ಟವಲ್ ಮೇಲೆ ಕೂತು ಹೆಂಡತಿಯ ಮುಖವನ್ನೇ ನೋಡುತ್ತಿದ್ದರು.

"ಎಲ್ಲೋಗಿದ್ರಿ? ಎಷ್ಟ್ ಜನಕ್ಕೆ ಇಲ್ಲ ಅನ್ನಾದು ನಾನು?" ಎಂದರು ಜಯಮ್ಮ. "ಕಡೇ ಟೇಸನ್ನಲ್ಲಿ ಒಬ್ಳು ಕೆಲಸದೋಳು ಬಂದು ಇಳಿ ಇಳಿ ಅಂತ ಕೈ ಮಾಡಿದ್ಲು. ನಮ್ಮನೆಯವ್ರು ಬತ್ತಾರೆ ಕನವ್ವಾ ಅಂದು ಟವಲ್ ತೋರುಸ್ದೆ. ಒಂದು ಕೋಡ್ಬಳೆ ಕೊಟ್ಟೆ. ನಕ್ಕಂಡು ಹೋದ್ಲು."

"ಕೋಡುಬಳೆ ಎಲ್ಲಿತ್ತಮ್ಮ?" ಎಂದೆ ನಾನು.

"ಸೊಂಟದಲ್ಲಿ ಗಂಟು ಕಟ್ಟಿದ್ದೆ. ಇವರ ಚೀಲ ನಂಬ್ಕಂಡ್ರೆ ಆಯ್ತದಾ?" ಎಂದರು. ಮೂರು ತಿಂದಿದ್ದರಂತೆ. ನನಗೆ ಉಸಿರು ಬಂತು. ರೈಲಿನಲ್ಲಿ ತಿನ್ನಬಾರದು ಎಂಬ ಫಲಕ ಅವರ ತಲೆಯ ಮೇಲೇ ಇತ್ತು. ಆ ನಿಯಮವನ್ನು ನಾನು ಎಲ್ಲ ಗ್ರೂಪಿಗೂ ಹೇಳುತ್ತೇನೆ. ಆವತ್ತು ಮಾತ್ರ ಬಾಯಿ ಬಿಡಲಿಲ್ಲ.

"ಹೆದರಿಕೆ ಆಗಲಿಲ್ವೇನಮ್ಮ?"

ಆಯಮ್ಮ ಸೊಂಟದ ಗಂಟನ್ನು ಮತ್ತೆ ಬಿಗಿದುಕೊಂಡರು.

"ಆಯ್ತು. ಅದಕ್ಕೇ ಟವಲ್ ಹಿಡ್ಕಂಡೆ" ಎಂದರು.

ಗೌಡರು ಕೂತಲ್ಲಿಂದಲೇ ಟವಲಿನ ತುದಿ ಎಳೆದು ಮುಖ ಒರೆಸಿಕೊಂಡರು. ತುಂಬಾ ಹೊತ್ತು ಒರೆಸಿಕೊಂಡರು.

ಮುಂದಿನ ಸ್ಟೇಷನ್ನಿನಲ್ಲಿ ಮೂವರೂ ಇಳಿದು, ಹಳಿ ದಾಟುವ ಸೇತುವೆ ಹತ್ತಿ, ಇನ್ನೊಂದು ರೈಲು ಹಿಡಿದು ನಮ್ಮವರನ್ನು ಸೇರಿಕೊಂಡೆವು. ಶಿವಣ್ಣನವರು ತಲೆ ಎಣಿಸಿ, "ಇಪ್ಪತ್ತೆರಡು. ನಿಮ್ಮನ್ನೂ ಸೇರ್ಸಿದ್ರೆ ಇಪ್ಪತ್ಮೂರು. ಬಟವಾಡೆ ಸರಿ ಐತೆ ಮೇಷ್ಟ್ರೇ" ಎಂದರು. ಆವತ್ತು ನೋಡಬೇಕಾಗಿದ್ದ ಜಾಗಗಳನ್ನೆಲ್ಲ ಬಿಟ್ಟು ಎಲ್ಲರಿಗೂ ಹೊಟ್ಟೆ ತುಂಬ ಅನ್ನ ಮೊಸರು ಕೊಡಿಸಿದೆ. ಒಬ್ಬರೂ ಅದರ ಬಗ್ಗೆ ದೂರಲಿಲ್ಲ.

ಆ ಸಂಜೆಯ ಮೀಟಿಂಗಿಗೆ ಹೆಂಗಸರನ್ನೆಲ್ಲ ಕರೆಸಿ ಮುಂದೆ ಕೂರಿಸಿದೆ. ನನ್ನ ತಪ್ಪನ್ನು ಅವರ ಮುಂದೆಯೇ ಒಪ್ಪಿಕೊಂಡೆ. ಹೋಟೆಲಿನ ರಿಸೆಪ್ಷನ್ನಿನವರನ್ನು ಕಾಡಿ ಬೇಡಿ ಇನ್ನಷ್ಟು ಕಾರ್ಡು ಬರೆಸಿ ಒಬ್ಬೊಬ್ಬರಿಗೂ ಒಂದೊಂದು ಕೊಟ್ಟೆ. ಜಯಮ್ಮನವರು ತಮ್ಮದನ್ನು ಎರಡು ಸಲ ತಿರುಗಿಸಿ ನೋಡಿ, "ಇದು ಇದ್ದಿದ್ರೆ ಇಳಿದ್ಬುಡ್ತಿದ್ದೆ ಅನ್ಕಂಡ್ರಾ?" ಎಂದು ಕೇಳಿದರು. ಊರಿಗೆ ಬಂದು ನಾಗರಾಜಪ್ಪನವರಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದು ಕಾಯುತ್ತಿದ್ದೆ. ಅವರು, "ಗೌಡ ಮೊದಲ್ನೇ ಸಲ ಹೇಳ್ದಾಗ ಯಾಕ್ ಕೇಳ್ಲಿಲ್ಲ ನೀನು?" ಎಂದಷ್ಟೇ ಕೇಳಿ ಕಾಫಿ ತರಿಸಿದರು.

ಅದಾದ ಮೇಲೆ ನಾನು ಒಬ್ಬರನ್ನೂ ಕಳೆದುಕೊಳ್ಳಲಿಲ್ಲ. ಕಳೆದ ವರ್ಷ ಕೊನೆಯ ಗ್ರೂಪನ್ನು ರಾಮನಗರದಲ್ಲಿ ಇಳಿಸಿ, ತಲೆ ಎಣಿಸಿ, ಮನೆಗೆ ಹೋಗಿ ಮಲಗಿದವನು ಮಾರನೆಯ ದಿನ ಮಧ್ಯಾಹ್ನ ಎದ್ದೆ. ಇನ್ನು ಯಾರನ್ನೂ ಎಣಿಸಬೇಕಾಗಿಲ್ಲ ಎಂಬ ಸಂತೋಷ ಇನ್ನೂ ಮುಗಿದಿಲ್ಲ. ಮೇಘನಾ, ನಿನ್ನ ಗ್ರೂಪಿನವರೆಲ್ಲರ ಫೋನಿನಲ್ಲೂ ಈಗ ಚುಕ್ಕಿ ಕಾಣಿಸುತ್ತದೆ, ಸರಿ. ಬ್ಯಾಟರಿ ಹೋದಾಗ ಆ ಚುಕ್ಕಿಯೂ ಹೋಗುತ್ತದೆ. ಕಾರ್ಡು ಕೊಡು. ಒಬ್ಬೊಬ್ಬರ ಕೈಗೂ ಕೊಡು, ಒಬ್ಬೊಬ್ಬರ ಮುಖ ನೋಡಿ ಹೇಳು. ಯಾರಾದರೂ ತಪ್ಪಿಸಿಕೊಂಡರೆ, ಅವರು ಊರಿನಲ್ಲಾಗಿದ್ದರೆ ಏನು ಮಾಡುತ್ತಿದ್ದರು ಎಂದು ಅವರ ಮನೆಯವರನ್ನು ಮೊದಲು ಕೇಳು.

ಮೊನ್ನೆ ಚನ್ನಪಟ್ಟಣದಿಂದ ಸಾತನೂರಿಗೆ ಹೋಗುವ ಬಸ್ಸು ಹತ್ತಿದ್ದೆ. ಕಾಲಿಡಲು ಜಾಗವಿಲ್ಲ. ಒಂದೇ ಒಂದು ಸೀಟು ಖಾಲಿ, ಅದರ ಮೇಲೆ ಹಳೆಯ ಟವಲ್. ಪಕ್ಕದಲ್ಲಿದ್ದವನು ನನ್ನ ನರೆತ ತಲೆ ನೋಡಿ, "ಯಾರೋ ಹಾಕಿ ಹೋಗವ್ರೆ ಯಜಮಾನ್ರೇ, ಎತ್ತಾಕಿ ಕೂತ್ಕಳಿ" ಎಂದ.

"ಬುಡಪ್ಪ, ಬತ್ತಾರೆ" ಎಂದು ಹೇಳಿ ನಾನು ಸಾತನೂರಿನವರೆಗೂ ನಿಂತೇ ಹೋದೆ.